ಅನಾಮಿಕರು ಸರಿ, ಆದರೆ ಯಾರ ಕಣ್ಣಿಗೆ?

ಸಂಬಳದ ಸಿಬ್ಬಂದಿಯ ಬದಲು ಸದಸ್ಯರೇ ಮಾಡರೇಟರ್‌ಗಳಾಗಿ ನೋಡಿಕೊಳ್ಳುವ ಸಾಮಾಜಿಕ ಜಾಲತಾಣಗಳಲ್ಲಿ, ಅಂದರೆ ರೆಡ್ಡಿಟ್, ವಿಕಿಪೀಡಿಯ, ಮಾಸ್ಟೋಡಾನ್ (ಆಸಕ್ತರು ತಮ್ಮತಮ್ಮ ಸರ್ವರ್‌ಗಳಲ್ಲಿ ನಡೆಸುವ ಜಾಲ), ಫೇಸ್‌ಬುಕ್ ಗುಂಪುಗಳು ಮುಂತಾದ ಕಡೆ, ಹೆಸರು ಮರೆಸಿ ಬರೆಯುವವರ ಗುಟ್ಟು ಎಷ್ಟರಮಟ್ಟಿಗೆ ಉಳಿಯುತ್ತದೆ ಎಂಬ ಬಗ್ಗೆ ಈ ಸಲ ಹೆಚ್ಚಿನ ಪತ್ರಗಳು ಬಂದಿವೆ. ಬರೆದವರಲ್ಲಿ ಬಹುತೇಕರು ತಮ್ಮ ಹೆಸರನ್ನು ಪ್ರಕಟಿಸಬಾರದೆಂದು ಕೋರಿದ್ದಾರೆ. ವಿಷಯಕ್ಕೆ ಅದೇ ತಕ್ಕದ್ದಾದ್ದರಿಂದ ಎಲ್ಲರ ಹೆಸರನ್ನೂ ಬಿಟ್ಟು ಊರನ್ನಷ್ಟೇ ಕೊಡಲಾಗಿದೆ.

ಪ್ರಶ್ನೆ: ನಾನು ಖಾಸಗಿ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದೇನೆ. ನಮ್ಮ ಮ್ಯಾನೇಜರ್ ರಜೆ ಕೊಡುವ ವಿಷಯದಲ್ಲಿ ಮಾಡುವ ತಾರತಮ್ಯದ ಬಗ್ಗೆ ರೆಡ್ಡಿಟ್‌ನಲ್ಲಿ ಬೇರೆ ಹೆಸರಿನ ಖಾತೆಯಿಂದ ಬರೆದಿದ್ದೆ. ಕೆಲವೇ ದಿನಗಳಲ್ಲಿ ಸಹೋದ್ಯೋಗಿಯೊಬ್ಬರು ‘ಅದು ನೀವೇ ತಾನೆ’ ಎಂದು ಕೇಳಿಬಿಟ್ಟರು. ಆ ಗುಂಪಿನ ಮಾಡರೇಟರ್‌ಗಳಲ್ಲಿ ಒಬ್ಬರು ನಮ್ಮ ಕಂಪನಿಯವರೇ ಎಂಬ ಗುಮಾನಿ ನನಗಿದೆ. ಅವರು ನನ್ನ ಇಮೇಲ್ ವಿಳಾಸ ನೋಡಿ ಹೇಳಿರಬಹುದೇ? ನನ್ನ ಮೂರು ಕಾಮೆಂಟುಗಳ ಪ್ರತಿಯನ್ನು ಲಗತ್ತಿಸಿದ್ದೇನೆ. (ಬೆಂಗಳೂರು)

ಉತ್ತರ: ಇಮೇಲ್ ನೋಡಿ ಹೇಳಿರಲಾರರು. ರೆಡ್ಡಿಟ್‌ನ ಮಾಡರೇಟರ್ ಸಂಬಳವಿಲ್ಲದೆ ಗುಂಪನ್ನು ನೋಡಿಕೊಳ್ಳುವ ಒಬ್ಬ ಸದಸ್ಯ, ಅಷ್ಟೆ. ಪೋಸ್ಟ್ ತೆಗೆದುಹಾಕುವುದು, ಸದಸ್ಯರನ್ನು ಹೊರಗಿಡುವುದು, ಗುಂಪಿನ ನಿಯಮ ಬರೆಯುವುದು ಅವರ ಕೈಯಲ್ಲಿದೆ. ಖಾತೆಯ ಹಿಂದಿರುವ ಇಮೇಲ್, ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ), ಫೋನಿನ ವಿವರ ಅವರಿಗೆ ಕಾಣುವುದಿಲ್ಲ. ಅವು ಕಾಣುವುದು ಕಂಪನಿಯ ನೌಕರರಿಗೆ, ಅಂದರೆ ಅಲ್ಲಿಯವರ ಮಾತಿನಲ್ಲಿ ‘ಅಡ್ಮಿನ್’ಗಳಿಗೆ. ಹಾಗೆಂದು ಕಂಪನಿಯ ಬಳಿ ಇದ್ದರೆ ಭದ್ರ ಎಂದೂ ಅಲ್ಲ. 2018ರ ಜೂನ್‌ನಲ್ಲಿ ಎಸ್ಸೆಮ್ಮೆಸ್ ಮೂಲಕ ಬರುವ ಒಟಿಪಿಯನ್ನು ನಡುದಾರಿಯಲ್ಲೇ ಹಿಡಿದು ರೆಡ್ಡಿಟ್ ನೌಕರರ ಕೆಲವು ಖಾತೆಗಳಿಗೆ ಕನ್ನ ಹಾಕಿದವರಿಗೆ, ಸೈಟಿನ ಆರಂಭದಿಂದ 2007ರ ಮೇವರೆಗಿನ ಹಳೆಯ ದತ್ತಾಂಶದ ಪ್ರತಿಯ ಜೊತೆಗೆ, 2018ರ ಆ ಜೂನ್‌ನಲ್ಲಿ ಸದಸ್ಯರಿಗೆ ಕಳುಹಿಸಿದ್ದ ಇಮೇಲ್ ಡೈಜೆಸ್ಟ್‌ಗಳ (ಆಯ್ದ ಪೋಸ್ಟುಗಳ ಸಂಗ್ರಹ) ದಾಖಲೆಯೂ ಸಿಕ್ಕಿತ್ತು. ಆ ದಾಖಲೆಯಲ್ಲಿ ಖಾತೆಯ ಹೆಸರೂ ಇಮೇಲ್ ವಿಳಾಸವೂ ಅಕ್ಕಪಕ್ಕದಲ್ಲೇ ಇದ್ದವು. ಸ್ವಂತ ಹೆಸರಿನ ಇಮೇಲ್‌ನಿಂದ ಗುಪ್ತ ಖಾತೆ ತೆರೆಯಬಾರದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಆದರೆ ನಿಮ್ಮ ವಿಷಯದಲ್ಲಿ ಕನ್ನವೂ ಬಿದ್ದಿಲ್ಲ, ಮಾಡರೇಟರ್ ಬಾಯಿಬಿಡಬೇಕಾದ ಅಗತ್ಯವೂ ಇರಲಿಲ್ಲ. ನೀವು ಕಳುಹಿಸಿದ ಕಾಮೆಂಟುಗಳನ್ನು ಒಟ್ಟಿಗೆ ಇಟ್ಟು ಓದಿದೆ. ಮೊದಲನೆಯದರಲ್ಲಿ ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಿಂದ ಕೊಪ್ಪಳಕ್ಕೆ ಹೊರಡುವ ಸ್ಲೀಪರ್ ಬಸ್ಸಿನಲ್ಲಿ ಸೀಟು ಸಿಗುವುದು ಎಷ್ಟು ಕಷ್ಟ ಎಂದು ಬರೆದಿದ್ದೀರಿ. ಎರಡನೆಯದರಲ್ಲಿ ಎರಡನೇ ಪಾಳಿ ಮುಗಿಸಿ ಬರುವವರಿಗೆ ಊಟ ಎತ್ತಿಡುವ ಪಿಜಿ ಯಾವುದಾದರೂ ಇದೆಯೇ ಎಂದು ಕೇಳಿದ್ದೀರಿ, ಬಡಾವಣೆಯ ಹೆಸರನ್ನೂ ಕೊಟ್ಟಿದ್ದೀರಿ. ಮೂರನೆಯದೇ ಮ್ಯಾನೇಜರ್ ಕುರಿತದ್ದು; ಅದರ ನಡುವೆ ಸಿಟ್ಟಿನಲ್ಲಿ ಇಂಗ್ಲಿಷ್ ಲಿಪಿಯಲ್ಲೇ ‘ನಾನೇನ್ ಪುಗಸಟ್ಟೆ ಮಾಡಾಕತ್ತೀನೇನ್’ ಎಂದು ಬಂದಿದೆ. ನಿಮ್ಮ ತಂಡದಲ್ಲಿ ಎರಡನೇ ಪಾಳಿಯಲ್ಲಿ ದುಡಿಯುವ, ಕೊಪ್ಪಳ ಕಡೆಯ, ಆ ಬಡಾವಣೆಯಲ್ಲಿ ಉಳಿದುಕೊಂಡಿರುವ ಎಷ್ಟು ಮಂದಿ ಇದ್ದಾರೆ? ನಿಮ್ಮ ಖಾತೆಯ ಮೇಲೆ ಒಮ್ಮೆ ಒತ್ತಿದರೆ ಮೂರೂ ಒಂದರ ಕೆಳಗೊಂದು ಬರುತ್ತವೆ. ಸಹೋದ್ಯೋಗಿಗೆ ಬೇಕಾಗಿದ್ದುದು ಸ್ವಲ್ಪ ಪುರುಸೊತ್ತು ಮಾತ್ರ.

ಗಣಕ ವಿಜ್ಞಾನಿ ಲಟಾನ್ಯ ಸ್ವೀನಿ ಅವರು ಅಮೆರಿಕದ 1990ರ ಜನಗಣತಿಯ ಅಂಕಿಅಂಶಗಳನ್ನು ಆಧರಿಸಿ, ಹುಟ್ಟಿದ ದಿನಾಂಕ, ಲಿಂಗ ಮತ್ತು ಐದು ಅಂಕಿಯ ಅಂಚೆ ಸಂಕೇತ ಈ ಮೂರೇ ಗೊತ್ತಿದ್ದರೆ ಅಲ್ಲಿನ ಸುಮಾರು ಶೇ 87ರಷ್ಟು ಜನರನ್ನು ಪ್ರತ್ಯೇಕವಾಗಿ ಗುರುತಿಸಬಹುದೆಂದು ತೋರಿಸಿದ್ದರು. ಕನ್ನಡದಲ್ಲಿ ಬರೆಯುವವರಿಗೆ ಇದರ ಮೇಲೆ ಇನ್ನೊಂದು ತೊಡಕಿದೆ. ನಮ್ಮ ವಾಕ್ಯವೇ ಊರು ಹೇಳುತ್ತದೆ. ಮಂಗಳೂರಿನವರ ‘ಮಾರಾಯ್ರೆ’, ಧಾರವಾಡ ಕಡೆಯ ‘ಹೌದಲ್ರಿ’, ಹವ್ಯಕರ ಮನೆಮಾತಿನ ಒಂದು ಕ್ರಿಯಾಪದ, ಇವುಗಳಲ್ಲಿ ಯಾವುದೇ ಒಂದು ನುಸುಳಿದರೂ ಗುರುತಿಸುವವನ ಹುಡುಕಾಟ ಒಂದೆರಡು ಜಿಲ್ಲೆಗೆ ಇಳಿಯುತ್ತದೆ, ಕೆಲವೊಮ್ಮೆ ಜಾತಿಯನ್ನೂ ಹೇಳಿಬಿಡುತ್ತದೆ. ಇಂಗ್ಲಿಷಿನ ಗುಂಪಿನಲ್ಲಿ ಲಕ್ಷಾಂತರ ಜನರ ನಡುವೆ ಕರಗಿಹೋಗುವ ಮನುಷ್ಯ ಕನ್ನಡದ ಗುಂಪಿನಲ್ಲಿ ಅಷ್ಟು ಸುಲಭವಾಗಿ ಕರಗುವುದಿಲ್ಲ.

ಹಾಗಾದರೆ ಇನ್ನು ಮುಂದೆ ಏನು ಮಾಡಬೇಕು? 2025ರ ಜೂನ್‌ನಿಂದ ರೆಡ್ಡಿಟ್‌ನಲ್ಲಿ ನಿಮ್ಮ ಪ್ರೊಫೈಲ್ ಪುಟದ ಪೋಸ್ಟು, ಕಾಮೆಂಟುಗಳನ್ನು ಮರೆಮಾಡುವ ಆಯ್ಕೆ ಬಂದಿದೆ, ಅದನ್ನು ಹಾಕಿಕೊಳ್ಳಿ. ಆದರೆ ಅದು ಪ್ರೊಫೈಲ್ ಪುಟವನ್ನಷ್ಟೇ ಮರೆಮಾಡುತ್ತದೆ. ಆಯಾ ಗುಂಪಿನೊಳಗೆ ನಿಮ್ಮ ಬರಹ ಇದ್ದಲ್ಲೇ ಇರುತ್ತದೆ, ಹುಡುಕಿದರೆ ಸಿಗುತ್ತದೆ; ನೀವು ಭಾಗವಹಿಸುವ ಗುಂಪಿನ ಮಾಡರೇಟರ್‌ಗಳಿಗೂ ಕಾಣುತ್ತದೆ. ಹೀಗಾಗಿ ಕೆಲಸದ ದೂರಿಗೆ ಒಂದು ಖಾತೆ, ಊರು, ಬಸ್ಸು, ಬಾಡಿಗೆ ಮನೆಯ ಮಾತಿಗೆ ಇನ್ನೊಂದು ಎಂದು ಬೇರೆಬೇರೆ ಇಟ್ಟುಕೊಳ್ಳುವುದೇ ಮೇಲು. ಅಲ್ಲಿನ ಹಳಬರು ಗಂಭೀರ ವಿಷಯಕ್ಕೆಲ್ಲ ‘ಥ್ರೋಅವೇ’ ಖಾತೆ, ಅಂದರೆ ಒಮ್ಮೆ ಬಳಸಿ ಬಿಟ್ಟುಬಿಡುವ ಖಾತೆ ತೆರೆಯುವುದು ಇದಕ್ಕಾಗಿಯೇ. ಸಹೋದ್ಯೋಗಿಗೆ ನೀವು ಹೂಂ ಎಂದೂ ಹೇಳಬೇಕಿಲ್ಲ, ಉಹೂಂ ಎಂದೂ ಹೇಳಬೇಕಿಲ್ಲ.

ಪ್ರಶ್ನೆ: ‘ಮಹಿಳೆಯರಿಗೆ ಮಾತ್ರ’ ಎಂಬ ಫೇಸ್‌ಬುಕ್ ಗುಂಪಿಗೆ ಸೇರಲು ಕೋರಿಕೆ ಕಳುಹಿಸಿದೆ. ನಕಲಿ ಖಾತೆಯಲ್ಲವೆಂದು ಖಾತ್ರಿಯಾಗಲು ಆಧಾರ್ ಕಾರ್ಡಿನ ಫೋಟೊ ವಾಟ್ಸಾಪ್ ಮಾಡಿ ಎನ್ನುತ್ತಿದ್ದಾರೆ. ಆ ಗುಂಪಿನಲ್ಲಿ ಹೆಸರು ಕಾಣದಂತೆ ಬರೆಯುವ ಸೌಲಭ್ಯವಿದೆಯಂತೆ. ಗಂಡನ ಮನೆಯ ತೊಂದರೆಯನ್ನು ಅಲ್ಲಿ ಹೇಳಿಕೊಳ್ಳಬಹುದೇ? (ಮಂಗಳೂರು)

ಉತ್ತರ: ಆಧಾರ್ ಕಳುಹಿಸಬೇಡಿ. ಗಂಡಸರು ಹೆಂಗಸರ ಹೆಸರಿನಲ್ಲಿ ನುಸುಳುವುದನ್ನು ತಡೆಯಬೇಕೆಂಬ ಅವರ ಕಾಳಜಿ ನ್ಯಾಯವಾದದ್ದೇ. ಆದರೆ ಆ ಚಿತ್ರ ಹೋಗಿ ಕೂರುವುದು ನಿಮಗೆ ಪರಿಚಯವಿಲ್ಲದ ಒಬ್ಬರ ಫೋನಿನ ಗ್ಯಾಲರಿಯಲ್ಲಿ, ಅಲ್ಲಿಂದ ಅವರ ಬ್ಯಾಕಪ್‌ನಲ್ಲಿ. ನಿಮ್ಮ ಹುಟ್ಟಿದ ದಿನಾಂಕ, ಮನೆ ವಿಳಾಸ, ಆಧಾರ್ ಸಂಖ್ಯೆಯ ಜೊತೆಗೆ ವಾಟ್ಸಾಪ್ ಮಾಡಿದ ತಪ್ಪಿಗೆ ಫೋನ್ ನಂಬರನ್ನೂ ಕೊಟ್ಟಂತಾಗುತ್ತದೆ. ಆ ಮಾಡರೇಟರ್ ನಾಳೆ ಗುಂಪು ಬಿಟ್ಟುಹೋದರೆ ಚಿತ್ರವನ್ನು ಅಳಿಸಿದರೋ ಇಲ್ಲವೋ ಎಂದು ಕೇಳುವವರು ಯಾರೂ ಇರುವುದಿಲ್ಲ. ಒಂದು ನಿಮಿಷದ ವಿಡಿಯೊ ಕರೆ ಸಾಕೇ, ಅಥವಾ ಈಗಾಗಲೇ ಒಳಗಿರುವ ಪರಿಚಿತರೊಬ್ಬರು ನಿಮ್ಮ ಪರವಾಗಿ ಹೇಳಿದರೆ ಆದೀತೇ ಎಂದು ಕೇಳಿ ನೋಡಿ. ಆಗದು ಎನ್ನುವ ಗುಂಪು ನಿಮಗೆ ಬೇಡ.

ಇನ್ನು ಹೆಸರು ಕಾಣದಂತೆ ಬರೆಯುವ ಸೌಲಭ್ಯದ ಮಾತು. ಅಲ್ಲಿ ನಿಮ್ಮ ಹೆಸರು ಕಾಣದಿರುವುದು ಸಾಮಾನ್ಯ ಸದಸ್ಯರಿಗೆ ಮಾತ್ರ. ಗುಂಪಿನ ಅಡ್ಮಿನ್ ಮತ್ತು ಮಾಡರೇಟರ್‌ಗಳಿಗೆ ಹೆಸರು, ಪ್ರೊಫೈಲ್ ಎರಡೂ ಕಾಣುತ್ತವೆ. ಕರಾವಳಿಯ ಊರುಗಳಲ್ಲಿ ಯಾರು ಯಾರಿಗೆ ನೆಂಟರು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬರೆಯುವ ಮುಂಚೆ ಸದಸ್ಯರ ಪಟ್ಟಿ ತೆರೆದು ಅಡ್ಮಿನ್ ಮತ್ತು ಮಾಡರೇಟರ್‌ಗಳು ಯಾರೆಂದು ನೋಡಿ. ಅದರಲ್ಲಿ ಗಂಡನ ಕಡೆಯವರ ಪರಿಚಯದ ಒಂದು ಹೆಸರಿದ್ದರೂ ಬರೆಯುವುದು ಬೇಡ. ತೊಂದರೆ ಹೊಡೆತ, ಬೆದರಿಕೆಯವರೆಗೆ ಹೋಗಿದ್ದರೆ ಗುಂಪಿಗಿಂತ ಮೊದಲು 181ಕ್ಕೆ ಕರೆಮಾಡಿ. ಅದು ಮಹಿಳಾ ಸಹಾಯವಾಣಿ.

ಪ್ರಶ್ನೆ: ದೊಡ್ಡ ಕಂಪನಿಗಳ ಸಹವಾಸವೇ ಬೇಡವೆಂದು ನಾವು ಕೆಲವು ಗೆಳೆಯರು ಮಾಸ್ಟೋಡಾನ್‌ನ ಒಂದು ಸಣ್ಣ ಸರ್ವರ್‌ಗೆ ಹೋಗಿದ್ದೇವೆ. ಅದನ್ನು ನಡೆಸುವವರೂ ಗೆಳೆಯರೇ. ಇಲ್ಲಿ ಖಾಸಗಿತನಕ್ಕೆ ಭಯವಿಲ್ಲ ತಾನೆ? (ಧಾರವಾಡ)

ಉತ್ತರ: ಜಾಹೀರಾತಿನವರ ಭಯ ಇಲ್ಲ ಎನ್ನಬಹುದು. ಆದರೆ ರೆಡ್ಡಿಟ್‌ನಲ್ಲಿ ಮಾಡರೇಟರ್‌ಗೂ ಕಂಪನಿಗೂ ನಡುವೆ ಇರುವ ಗೋಡೆ ಇಲ್ಲಿಲ್ಲ. ಸರ್ವರ್ ನಡೆಸುವವರೇ ಮಾಡರೇಟರ್, ಅವರೇ ಕಂಪನಿ. ನಿಮ್ಮ ಇಮೇಲ್, ಐಪಿ ವಿಳಾಸ ಅವರ ಕೈಯಲ್ಲಿರುತ್ತವೆ. ಇಬ್ಬರ ನಡುವಿನ ಖಾಸಗಿ ಸಂದೇಶಗಳೂ ಅಲ್ಲಿ ಪೂರ್ತಿ ಗೂಢಲಿಪಿಯಲ್ಲಿ ಇರುವುದಿಲ್ಲವಾದ್ದರಿಂದ, ಮನಸ್ಸು ಮಾಡಿದರೆ ಓದಲೂಬಹುದು. ನಡೆಸುವವರು ಒಳ್ಳೆಯವರೇ ಆಗಿದ್ದರೂ ಅವರ ಮನೆಗೆ ಬಂದ ಕಷ್ಟ ನಿಮ್ಮದೂ ಆಗುತ್ತದೆ. 2023ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಬಿಐ, ಕೊಲೆಕ್ಟಿವಾ ಎಂಬ ಮಾಸ್ಟೋಡಾನ್ ಸರ್ವರ್‌ನ ಅಡ್ಮಿನ್ ಒಬ್ಬರ ಮನೆಯನ್ನು ಬೇರೆ ಪ್ರಕರಣಕ್ಕಾಗಿ ಶೋಧಿಸಿದಾಗ, ದುರಸ್ತಿ ಕೆಲಸಕ್ಕೆಂದು ಅವರ ಬಳಿ ಇದ್ದ ಇಡೀ ದತ್ತಾಂಶದ ಪ್ರತಿ, ಬೀಗವಿಲ್ಲದ ಸ್ಥಿತಿಯಲ್ಲಿ, ಉಳಿದ ಸಾಮಾನಿನ ಜೊತೆಗೇ ಹೋಯಿತು. ಆ ಪ್ರಕರಣಕ್ಕೂ ಸಾವಿರಾರು ಸದಸ್ಯರಿಗೂ ಸಂಬಂಧವೇ ಇರಲಿಲ್ಲ. ಹಳೆಯ ಸಂದೇಶ ಮತ್ತು ಐಪಿ ದಾಖಲೆಗಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಬ್ಯಾಕಪ್‌ಗೆ ಪಾಸ್‌ವರ್ಡ್ ಇದೆಯೇ ಎಂದು ನಿಮ್ಮ ಗೆಳೆಯರನ್ನು ಕೇಳಿ. ಕೇಳಲು ಸಂಕೋಚವಾಗುವಷ್ಟು ಸ್ನೇಹವಿದ್ದರೆ ಅಲ್ಲಿ ಗುಟ್ಟು ಬರೆಯಬೇಡಿ.

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ. ಹಲವು ವರ್ಷಗಳಿಂದ ಕನ್ನಡ ವಿಕಿಪೀಡಿಯದಲ್ಲಿ ಗುಪ್ತನಾಮದಿಂದ ಲೇಖನಗಳನ್ನು ತಿದ್ದುತ್ತಿದ್ದೇನೆ. ರಾಜಕಾರಣಿಗಳ ಪುಟಗಳಲ್ಲೂ ಕೈಯಾಡಿಸಿದ್ದೇನೆ. ದೆಹಲಿಯ ನ್ಯಾಯಾಲಯವೊಂದು ವಿಕಿಪೀಡಿಯದ ಸಂಪಾದಕರ ಹೆಸರು ಕೊಡುವಂತೆ ಆದೇಶಿಸಿತು ಎಂದು ಓದಿದಾಗಿನಿಂದ ಮನೆಯವರು ಹೆದರಿದ್ದಾರೆ. (ಮೈಸೂರು)

ಉತ್ತರ: ನೀವು ಓದಿದ್ದು ಎಎನ್‌ಐ ಸುದ್ದಿಸಂಸ್ಥೆ 2024ರ ಜುಲೈನಲ್ಲಿ ದೆಹಲಿ ಹೈಕೋರ್ಟಿನಲ್ಲಿ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ ವಿರುದ್ಧ ಹೂಡಿದ ಮಾನನಷ್ಟ ಮೊಕದ್ದಮೆ. ತನ್ನ ಕುರಿತ ಇಂಗ್ಲಿಷ್ ಪುಟದಲ್ಲಿರುವ ಮಾತುಗಳು ಮಾನಹಾನಿಕರ ಎಂಬುದು ಅದರ ದೂರು, ಕೇಳಿದ್ದು 2 ಕೋಟಿ ರೂಪಾಯಿ. ಆಗಸ್ಟ್‌ನಲ್ಲಿ ನ್ಯಾಯಾಲಯ ಮೂವರು ಸಂಪಾದಕರ ವಿವರ ಕೊಡುವಂತೆ ಆದೇಶಿಸಿತು; ವಿವರ ಬರಲಿಲ್ಲವೆಂದು ಸೆಪ್ಟೆಂಬರ್‌ನಲ್ಲಿ ನ್ಯಾಯಾಂಗ ನಿಂದನೆಯ ನೋಟಿಸನ್ನೂ ಕೊಟ್ಟಿತು. ನವೆಂಬರ್‌ನಲ್ಲಿ ವಿಭಾಗೀಯ ಪೀಠದ ಮುಂದೆ ಎರಡೂ ಕಡೆಯವರು ಒಪ್ಪಿಕೊಂಡ ಏರ್ಪಾಡು ಬೇರೆ ರೀತಿಯದು: ಆ ಸಂಪಾದಕರಿಗೆ ಸಮನ್ಸ್ ತಲುಪಿಸುವ ಕೆಲಸವನ್ನು ಫೌಂಡೇಶನ್ನೇ ಮಾಡುವುದು, ಗುರುತಿನ ವಿವರ ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಲಯಕ್ಕೆ ಹೋಗುವುದು, ಎದುರಾಳಿಯ ಕೈಗೆ ಸಿಗದಿರುವುದು. ಈ ಮೊಕದ್ದಮೆಯ ಬಗ್ಗೆಯೇ ವಿಕಿಪೀಡಿಯದಲ್ಲಿ ಬರೆಯಲಾಗಿದ್ದ ಪುಟವನ್ನು ತೆಗೆಯಬೇಕೆಂಬ ಹೈಕೋರ್ಟಿನ ಆದೇಶವನ್ನು ಸುಪ್ರೀಂ ಕೋರ್ಟ್ 2025ರ ಮೇ 9ರಂದು ರದ್ದುಪಡಿಸಿತು. ಹೆಸರು ಊರಿಗೆಲ್ಲ ಗೊತ್ತಾಗುವುದಕ್ಕೂ ನ್ಯಾಯಾಧೀಶರಿಗೆ ಮಾತ್ರ ಗೊತ್ತಾಗುವುದಕ್ಕೂ ಬಹಳ ಅಂತರವಿದೆ. ಮೊದಲು ಬಂದ ಆದೇಶ ಆ ಅಂತರವನ್ನು ಗಮನಿಸಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ಅಮೆರಿಕದಲ್ಲಿ 2023ರಲ್ಲಿ ಕೆಲವು ಚಲನಚಿತ್ರ ಕಂಪನಿಗಳು ಇಂಟರ್ನೆಟ್ ಸೇವೆ ಕೊಡುವ ಸಂಸ್ಥೆಯೊಂದರ ಮೇಲಿನ ದಾವೆಗೆ ಸಾಕ್ಷ್ಯವಾಗಿ ರೆಡ್ಡಿಟ್ ಸದಸ್ಯರ ಗುರುತು ಕೇಳಿದಾಗ, ಆ ಸದಸ್ಯರು ದಾವೆಯಲ್ಲಿ ಪಕ್ಷಗಾರರೇ ಅಲ್ಲ, ಬೇಕಾದ ಮಾಹಿತಿ ಬೇರೆ ಕಡೆಯಿಂದಲೂ ಸಿಗುತ್ತದೆ ಎಂದು ಕ್ಯಾಲಿಫೋರ್ನಿಯದ ಫೆಡರಲ್ ನ್ಯಾಯಾಲಯ ಒಪ್ಪಲಿಲ್ಲ. ಹಾಗೆ ತೂಗಿ ನೋಡುವ ಅಳತೆಗೋಲು ನಮ್ಮಲ್ಲಿ ಇನ್ನೂ ಗಟ್ಟಿಯಾಗಿ ನೆಲೆಯೂರಬೇಕಿದೆ.

ನ್ಯಾಯಾಲಯ ಕೇಳಿದರೂ ಸಂಸ್ಥೆ ಕೊಡಬಹುದಾದದ್ದು ತನ್ನ ಬಳಿ ಇರುವುದನ್ನು ಮಾತ್ರ. ವಿಕಿಪೀಡಿಯದ ಖಾತೆಗೆ ನಿಜ ಹೆಸರು ಬೇಕಿಲ್ಲ, ಇಮೇಲ್ ಕೂಡ ಕಡ್ಡಾಯವಲ್ಲ. ನೀವು ಲಾಗಿನ್ ಆಗಿ ತಿದ್ದಿದಾಗ ದಾಖಲಾಗುವ ಐಪಿ ವಿಳಾಸದಂಥ ತಾಂತ್ರಿಕ ವಿವರಗಳನ್ನು 90 ದಿನಗಳ ಬಳಿಕ ಅಳಿಸಲಾಗುತ್ತದೆ. ಆ ಅವಧಿಯಲ್ಲಿ ಅವುಗಳನ್ನು ನೋಡಬಲ್ಲ ಸ್ವಯಂಸೇವಕರು ‘ಚೆಕ್‌ಯೂಸರ್’ ಎಂಬ ಅಧಿಕಾರವುಳ್ಳ ಬೆರಳೆಣಿಕೆಯ ಮಂದಿ. ಅವರು ವಯಸ್ಕರಾಗಿರಬೇಕು, ಫೌಂಡೇಶನ್ ಜೊತೆ ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿರಬೇಕು, ಯಾರು ಯಾವಾಗ ಯಾರ ಖಾತೆಯನ್ನು ಪರಿಶೀಲಿಸಿದರು ಎಂಬುದು ದಾಖಲಾಗುತ್ತದೆ. ಸ್ವಂತ ಪರಿಶೀಲಕರಿಲ್ಲದ ಭಾಷೆಗಳ ವಿಕಿಗಳಿಗೆ ‘ಸ್ಟೀವರ್ಡ್’ ಎಂಬ ಜಾಗತಿಕ ಸ್ವಯಂಸೇವಕರು ಈ ಕೆಲಸ ಮಾಡಿಕೊಡುತ್ತಾರೆ. ಸದಸ್ಯರೇ ನಡೆಸುವ ತಾಣಗಳಲ್ಲಿ ಗುರುತಿನ ವಿವರವನ್ನು ಇಷ್ಟು ಜೋಪಾನವಾಗಿ ಇಟ್ಟುಕೊಂಡಿರುವ ಇನ್ನೊಂದನ್ನು ನಾನು ಕಂಡಿಲ್ಲ. ಅಲ್ಲಿಯೂ ಮನುಷ್ಯರ ಮೇಲಿನ ನಂಬಿಕೆ ಅಲುಗಾಡಿದ್ದುಂಟು: 2021ರ ಸೆಪ್ಟೆಂಬರ್‌ನಲ್ಲಿ ಫೌಂಡೇಶನ್, ಕೆಲವು ಬಳಕೆದಾರರ ಸುರಕ್ಷತೆಗೆ ಅಪಾಯವಿದೆಯೆಂದು ಹೇಳಿ, ಚೀನಾದ ಮುಖ್ಯ ಭೂಭಾಗದ 7 ಸಂಪಾದಕರನ್ನು ನಿಷೇಧಿಸಿ, ಇನ್ನೂ 12 ಮಂದಿಯ ಆಡಳಿತಾಧಿಕಾರವನ್ನು ಹಿಂತೆಗೆದುಕೊಂಡಿತು.

ನಿಮ್ಮ ವಿಷಯದಲ್ಲಿ ನಾನು ಹೆದರುವುದು ನ್ಯಾಯಾಲಯಕ್ಕಲ್ಲ, ಲಾಗಿನ್ ಆಗಲು ಮರೆತ ದಿನಗಳಿಗೆ. ಮೊದಲೆಲ್ಲ ಲಾಗಿನ್ ಆಗದೆ ತಿದ್ದಿದರೆ ನಿಮ್ಮ ಐಪಿ ವಿಳಾಸವೇ ಪುಟದ ಇತಿಹಾಸದಲ್ಲಿ ಎಲ್ಲರಿಗೂ ಕಾಣುವಂತೆ ಅಚ್ಚಾಗುತ್ತಿತ್ತು. 2007ರಲ್ಲಿ ಅಮೆರಿಕದ ಒಬ್ಬ ವಿದ್ಯಾರ್ಥಿ ಇಂಥ ವಿಳಾಸಗಳನ್ನೆಲ್ಲ ಕಲೆಹಾಕಿ, ಯಾವ ಕಂಪನಿಯ, ಯಾವ ಸರ್ಕಾರಿ ಕಚೇರಿಯ ಕಂಪ್ಯೂಟರಿನಿಂದ ಯಾವ ಪುಟ ತಿದ್ದಲ್ಪಟ್ಟಿದೆ ಎಂದು ಹುಡುಕಿಕೊಡುವ ‘ವಿಕಿಸ್ಕ್ಯಾನರ್’ ಮಾಡಿದಾಗ ಹಲವರ ಮುಖ ಕೆಂಪಾಗಿತ್ತು. 2024ರ ಕೊನೆಯಿಂದ ಹಂತಹಂತವಾಗಿ, ಲಾಗಿನ್ ಆಗದವರಿಗೆ ಐಪಿಯ ಬದಲು ತಾತ್ಕಾಲಿಕ ಖಾತೆಯ ಹೆಸರು ಕೊಡುವ ವ್ಯವಸ್ಥೆ ವಿಕಿಗಳಿಗೆ ಬಂದಿದೆ. ಆದರೆ ಹಳೆಯ ಇತಿಹಾಸದಲ್ಲಿ ಹಳೆಯ ಐಪಿಗಳು ಹಾಗೆಯೇ ಉಳಿದಿವೆ. ಕಾಲೇಜಿನ ಕಂಪ್ಯೂಟರಿನಿಂದ ಎಂದಾದರೂ ಹಾಗೆ ತಿದ್ದಿದ್ದು ನೆನಪಿದ್ದರೆ, ಆ ಪುಟಗಳ ಇತಿಹಾಸವನ್ನು ಒಮ್ಮೆ ತೆರೆದು ನೋಡಿ. ರಾಜಕಾರಣಿಗಳ ಪುಟದಲ್ಲಿ ಪ್ರತಿ ವಾಕ್ಯಕ್ಕೂ ಪತ್ರಿಕೆಯ ಆಧಾರ ಕೊಟ್ಟಿದ್ದೀರಾದರೆ, ಮನೆಯವರಿಗೆ ಸಮಾಧಾನ ಹೇಳಲು ನಿಮ್ಮ ಬಳಿ ಸಾಕಷ್ಟಿದೆ.

ಪ್ರಶ್ನೆ: ಖಾತೆಯನ್ನೇ ಅಳಿಸಿಬಿಟ್ಟರೆ ಬರೆದದ್ದೆಲ್ಲ ಹೋಗುತ್ತದೆಯೇ? (ಹಾಸನ)

ಉತ್ತರ: ಹೋಗುವುದಿಲ್ಲ. ರೆಡ್ಡಿಟ್‌ನಲ್ಲಿ ಖಾತೆ ಅಳಿಸಿದರೆ ಹೆಸರಿನ ಜಾಗದಲ್ಲಿ ‘ಅಳಿಸಲಾಗಿದೆ’ ಎಂಬರ್ಥದ ಪದ ಬರುತ್ತದೆ, ಬರಹ ಉಳಿಯುತ್ತದೆ. ಖಾತೆ ಹೋದ ಮೇಲೆ ಅದನ್ನು ತೆಗೆಯುವ ಅಧಿಕಾರವೂ ನಿಮಗಿರುವುದಿಲ್ಲ. ಆದ್ದರಿಂದ ಮೊದಲು ಬರಹ, ಆಮೇಲೆ ಖಾತೆ. ವಿಕಿಪೀಡಿಯದಲ್ಲಂತೂ ಖಾತೆಯನ್ನು ಅಳಿಸುವ ಕ್ರಮವೇ ಇಲ್ಲ, ಹೆಸರು ಬದಲಿಸಿ ಮರೆಯಾಗಲು ಮಾತ್ರ ಅವಕಾಶ. ನಮ್ಮ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ, ನೋಂದಣಿಗಾಗಿ ಪಡೆದ ವಿವರಗಳನ್ನು ಖಾತೆ ರದ್ದಾದ ಬಳಿಕವೂ 180 ದಿನ ಕಂಪನಿ ಇಟ್ಟುಕೊಳ್ಳಲೇಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ, ವ್ಯಕ್ತಿ ತಾನೇ ಬಹಿರಂಗಪಡಿಸಿದ ದತ್ತಾಂಶಕ್ಕೆ ಅನ್ವಯಿಸುವುದಿಲ್ಲ. ಬೇರೆಯವರು ತೆಗೆದಿಟ್ಟುಕೊಂಡ ಸ್ಕ್ರೀನ್‌ಶಾಟ್‌ಗಳ ಮಾತನ್ನು ಬಿಟ್ಟೇಬಿಡೋಣ.

ಪ್ರಶ್ನೆ: ಪದವಿ ಓದುತ್ತಿರುವ ನನ್ನ ಮಗಳ ಮೇಲೆ ಮುಖವಿಲ್ಲದ ಖಾತೆಗಳು ತಿಂಗಳುಗಟ್ಟಲೆ ಹೊಲಸು ಮಾತು ಸುರಿದವು, ಮನೆಗೆ ಬರುತ್ತೇವೆಂದು ಬೆದರಿಸಿದವು. ಗುಂಪಿನ ಮಾಡರೇಟರ್‌ಗಳು ಕೈಚೆಲ್ಲಿದರು. ಪ್ರತಿಯೊಂದು ಖಾತೆಯನ್ನೂ ಆಧಾರ್‌ಗೆ ಜೋಡಿಸಿದರೆ ಇವೆಲ್ಲ ಒಂದೇ ದಿನದಲ್ಲಿ ನಿಲ್ಲುವುದಿಲ್ಲವೇ? ನೀವು ಸದಾ ಅನಾಮಿಕರ ಪರವಾಗಿಯೇ ಬರೆಯುತ್ತೀರಿ. (ಹುಬ್ಬಳ್ಳಿ)

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಮೊದಲು ಮಗಳ ವಿಷಯ. ಬೆದರಿಕೆಯ ಸ್ಕ್ರೀನ್‌ಶಾಟ್ ಜೊತೆಗೆ ಆ ಪೋಸ್ಟಿನ ಪೂರ್ತಿ ಲಿಂಕ್, ಖಾತೆಯ ಹೆಸರು, ದಿನಾಂಕ, ಗಂಟೆ ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಬರೀ ಚಿತ್ರವಿದ್ದರೆ ತನಿಖೆಗೆ ತೊಡಕಾಗುತ್ತದೆ. ಕೇಂದ್ರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಪ್ರತಿಯೊಂದಿಗೆ ನಿಮ್ಮಲ್ಲಿನ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ. ಗುರುತು ಮರೆಸಿ ಬೆದರಿಕೆ ಹಾಕುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 351(4)ನೇ ಸೆಕ್ಷನ್ ಬೆದರಿಕೆಯ ಶಿಕ್ಷೆಯ ಮೇಲೆ ಎರಡು ವರ್ಷಗಳವರೆಗೆ ಹೆಚ್ಚುವರಿ ಸೆರೆವಾಸವನ್ನು ಹೇಳುತ್ತದೆ. ಅಧಿಕಾರವುಳ್ಳ ತನಿಖಾ ಸಂಸ್ಥೆ ಲಿಖಿತವಾಗಿ ಕೇಳಿದರೆ ಕಂಪನಿ 72 ಗಂಟೆಗಳೊಳಗೆ ಮಾಹಿತಿ ಕೊಡಬೇಕೆಂದು 2021ರ ನಿಯಮಗಳಲ್ಲಿದೆ. ಅಂದರೆ ಮುಖವಿಲ್ಲದ ಖಾತೆಗೂ ಕಾನೂನಿನ ಎದುರು ಮುಖವಿದೆ. ಬಹುತೇಕ ಕಡೆ ಕೊರತೆ ಇರುವುದು ಕೇಳುವವರ ಆಸಕ್ತಿಯಲ್ಲಿ. ಠಾಣೆಯಲ್ಲಿ ‘ಖಾತೆ ಬ್ಲಾಕ್ ಮಾಡಿ, ಸುಮ್ಮನಿರಿ’ ಎಂದರೆ ಒಪ್ಪಿಕೊಂಡು ಬರಬೇಡಿ, ದೂರಿಗೆ ಸ್ವೀಕೃತಿ ಕೇಳಿ.

ಈಗ ಆಧಾರ್. ಎಲ್ಲರ ನಿಜ ಹೆಸರನ್ನೂ ಕಡ್ಡಾಯ ಮಾಡಿ ನೋಡಿದ ದೇಶವೊಂದಿದೆ. ದಕ್ಷಿಣ ಕೊರಿಯ 2007ರಲ್ಲಿ ದೊಡ್ಡ ಜಾಲತಾಣಗಳಲ್ಲಿ ಬರೆಯುವವರು ತಮ್ಮ ನಿವಾಸಿ ನೋಂದಣಿ ಸಂಖ್ಯೆಯಿಂದ ಗುರುತು ದೃಢಪಡಿಸಬೇಕೆಂಬ ಕಾನೂನು ಜಾರಿಗೊಳಿಸಿತು. ಮುಂದೆ ದಿನಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಭೇಟಿಗಳಿರುವ ಎಲ್ಲ ತಾಣಗಳಿಗೂ ಅದನ್ನು ವಿಸ್ತರಿಸಿತು. ಬೈಗುಳ ನಿಲ್ಲಲಿಲ್ಲ. ಬದಲಿಗೆ ಜನರ ನೋಂದಣಿ ಸಂಖ್ಯೆಗಳೆಲ್ಲ ಕಂಪನಿಗಳ ಸರ್ವರ್‌ಗಳಲ್ಲಿ ರಾಶಿ ಬಿದ್ದವು. 2011ರ ಜುಲೈನಲ್ಲಿ ನೇಟ್ ಮತ್ತು ಸೈವರ್ಲ್ಡ್ ತಾಣಗಳಿಗೆ ಕನ್ನ ಬಿದ್ದಾಗ ಸುಮಾರು 3.5 ಕೋಟಿ ಬಳಕೆದಾರರ ವಿವರ ಸೋರಿಹೋಯಿತು. ಆ ದೇಶದ ಜನಸಂಖ್ಯೆಯೇ ಆಗ 5 ಕೋಟಿಯ ಆಸುಪಾಸಿನಲ್ಲಿತ್ತು. 2012ರ ಆಗಸ್ಟ್ 23ರಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಆ ಕಾನೂನನ್ನು ಒಮ್ಮತದಿಂದ ತಳ್ಳಿಹಾಕಿತು. ಅದರಿಂದ ಅಕ್ರಮ ಬರಹಗಳು ಗಣನೀಯವಾಗಿ ಕಡಿಮೆಯಾದದ್ದು ಕಾಣುತ್ತಿಲ್ಲ, ಬಳಕೆದಾರರು ವಿದೇಶಿ ತಾಣಗಳಿಗೆ ಹೋಗುತ್ತಿದ್ದಾರೆ, ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಮಾತ್ರ ಪೆಟ್ಟು ಬಿದ್ದಿದೆ ಎಂಬುದು ಅದರ ಕಾರಣಗಳಲ್ಲಿ ಸೇರಿತ್ತು.

ನಮ್ಮಲ್ಲಿ ಈ ಚರ್ಚೆಗೆ ಕರ್ನಾಟಕದವರೇ ಒಬ್ಬರು ಬುನಾದಿ ಹಾಕಿಕೊಟ್ಟಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅದರಿಂದಾಗಿಯೇ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದ ತೀರ್ಪು ಕೊಟ್ಟಿತು. ಖಾಸಗಿ ಕಂಪನಿಗಳು ಆಧಾರ್ ಬಳಸಲು ಅವಕಾಶವಿದ್ದ, ಆಧಾರ್ ಕಾಯ್ದೆಯ 57ನೇ ಸೆಕ್ಷನ್ನಿನ ಭಾಗ ಸುಪ್ರೀಂ ಕೋರ್ಟಿನ 2018ರ ತೀರ್ಪಿನಲ್ಲಿ ಬಿದ್ದುಹೋಯಿತು. 2021ರ ನಿಯಮಗಳೂ, ಬಯಸಿದವರು ತಮ್ಮ ಖಾತೆಯನ್ನು ದೃಢಪಡಿಸಿಕೊಳ್ಳಲು ದೊಡ್ಡ ತಾಣಗಳು ಅನುಕೂಲ ಮಾಡಿಕೊಡಬೇಕು ಎನ್ನುತ್ತವೆಯೇ ಹೊರತು ಎಲ್ಲರಿಗೂ ಕಡ್ಡಾಯ ಎನ್ನುವುದಿಲ್ಲ.

ಅನಾಮಿಕರ ಪರ ಎಂದು ಆಕ್ಷೇಪಿಸಿದ್ದೀರಿ. ಜಾತಿ ಮೀರಿ ಮದುವೆಯಾಗಲು ಹೊರಟು ಕಾನೂನು ಸಲಹೆ ಕೇಳುವ ಜೋಡಿ, ಎಚ್‌ಐವಿ ಔಷಧಿಯ ಬಗ್ಗೆ ಕೇಳಲು ಹಿಂಜರಿಯುವ ರೋಗಿ, ಕಚೇರಿಯ ಲಂಚದ ಬಗ್ಗೆ ಬಾಯಿಬಿಡುವ ಗುಮಾಸ್ತ, ಇವರ ಪರ ಎಂದರೆ ಒಪ್ಪಿಕೊಳ್ಳುತ್ತೇನೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳ ಬಗ್ಗೆ ದೂರು ಕೊಡುವವರಿಗೆ ಮೇಲೆ ಹೇಳಿದ ಸರ್ಕಾರಿ ಪೋರ್ಟಲ್ ಕೂಡ ಹೆಸರು ಹೇಳದೆಯೇ ದೂರು ಕೊಡುವ ದಾರಿಯನ್ನು ಇಟ್ಟಿದೆ. ಇನ್ನು ನಿಮ್ಮ ಮಗಳ ವಿಷಯವನ್ನೇ ನೋಡಿ: ಎಲ್ಲ ಖಾತೆಗಳಿಗೂ ನಿಜ ಹೆಸರು ಕಡ್ಡಾಯವಾದರೆ ಆಕೆಯ ಹೆಸರೂ ಊರೂ ಆ ಬೆದರಿಸುವವರಿಗೆ ಇನ್ನಷ್ಟು ಸುಲಭವಾಗಿ ಸಿಗುತ್ತವೆ.

ಪ್ರಶ್ನೆ: ನಮ್ಮ ಊರಿನ ಬಗೆಗಿನ ದೊಡ್ಡ ಫೇಸ್‌ಬುಕ್ ಗುಂಪಿಗೆ ನಾನು ಮಾಡರೇಟರ್. ಹೆಸರು ಕಾಣದಂತೆ ಪೋಸ್ಟ್ ಮಾಡಿದವರು ಯಾರೆಂದು ಸದಸ್ಯರು ಕೇಳುತ್ತಲೇ ಇರುತ್ತಾರೆ. ಮೊನ್ನೆ ಠಾಣೆಯಿಂದಲೂ ಒಬ್ಬರು ಫೋನ್ ಮಾಡಿ ಕೇಳಿದರು. ಹೇಳಬೇಕೇ? ಹಿಂದೆ ಹೊರಹಾಕಿದವರ ಹೆಸರು, ಫೋನ್ ನಂಬರ್, ಕಾರಣ ಎಲ್ಲವೂ ಇರುವ ಒಂದು ಎಕ್ಸೆಲ್ ಪಟ್ಟಿಯೂ ನಮ್ಮ ಬಳಿ ಇದೆ. (ಶಿವಮೊಗ್ಗ)

ಉತ್ತರ: ಸದಸ್ಯರಿಗೆ ಹೇಳಬಾರದು, ಕಾರಣವನ್ನೂ ಕೊಡಬೇಕಿಲ್ಲ. ‘ಯಾರಿರಬಹುದು’ ಎಂದು ಊಹಿಸುವ ಕಾಮೆಂಟುಗಳನ್ನು ಕಂಡ ಕೂಡಲೇ ತೆಗೆಯಿರಿ. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಸ್ಫೋಟದ ಬಳಿಕ ರೆಡ್ಡಿಟ್‌ನ ಒಂದು ಗುಂಪು ಫೋಟೊಗಳನ್ನು ಹಿಡಿದುಕೊಂಡು ಅಪರಾಧಿಯನ್ನು ತಾನೇ ಹುಡುಕಲು ಹೊರಟು, ಅದಕ್ಕೂ ಮೊದಲೇ ಕಾಣೆಯಾಗಿದ್ದ ಒಬ್ಬ ವಿದ್ಯಾರ್ಥಿಯ ಮೇಲೆ ಬೆರಳು ತೋರಿಸಿತು. ಆ ಹುಡುಗನಿಗೂ ಸ್ಫೋಟಕ್ಕೂ ಸಂಬಂಧವಿರಲಿಲ್ಲ. ಆತ ಆಗಲೇ ತೀರಿಕೊಂಡಿದ್ದು ಆಮೇಲೆ ತಿಳಿಯಿತು. ಮಗನನ್ನು ಹುಡುಕುತ್ತಿದ್ದ ಕುಟುಂಬ ಅಷ್ಟರಲ್ಲಿ ಜನರ ಬೈಗುಳ ತಿಂದಾಗಿತ್ತು. ರೆಡ್ಡಿಟ್ ಬಹಿರಂಗವಾಗಿ ಕ್ಷಮೆ ಕೇಳಿತು. ಊಹೆಗೆ ಅವಕಾಶ ಕೊಟ್ಟ ಗುಂಪಿನಲ್ಲಿ ಇದು ಯಾವಾಗ ಬೇಕಾದರೂ ಆಗಬಹುದು, ಪುಟ್ಟ ಊರಿನಲ್ಲಂತೂ ಬೇಗ ಆಗುತ್ತದೆ.

ಪೊಲೀಸರ ವಿಷಯ ಬೇರೆ. ಫೋನಿನಲ್ಲಿ ಕೇಳಿದವರು ಪೊಲೀಸರೇ ಎಂಬುದಕ್ಕೆ ನಿಮಗೆ ಖಾತ್ರಿ ಏನಿದೆ? ‘ಲಿಖಿತವಾಗಿ ಕೊಡಿ ಸರ್, ಖಂಡಿತ ಸಹಕರಿಸುತ್ತೇನೆ’ ಎಂದು ಮರ್ಯಾದೆಯಿಂದ ಹೇಳಿ. ದಾಖಲೆ ಹಾಜರುಪಡಿಸುವಂತೆ ಠಾಣಾಧಿಕಾರಿ ಲಿಖಿತ ಆದೇಶ ಕೊಡಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಅಂಥ ಆದೇಶ ಬಂದರೆ ವಕೀಲರೊಬ್ಬರಿಗೆ ತೋರಿಸಿ, ಕೇಳಿದಷ್ಟನ್ನು ಕೊಡಿ. ಅದು ಕೈಗೆ ಬಂದ ಮೇಲೆ ಪೋಸ್ಟನ್ನಾಗಲಿ ಚಾಟನ್ನಾಗಲಿ ಅಳಿಸಲು ಹೋಗಬೇಡಿ, ಅದೇ ಇನ್ನೊಂದು ಪ್ರಕರಣವಾಗುತ್ತದೆ. ಸದಸ್ಯ ಬರೆದದ್ದಕ್ಕೆಲ್ಲ ಅಡ್ಮಿನ್ ಹೊಣೆ ಎಂದು ಯಾರಾದರೂ ಹೆದರಿಸಿದರೆ, ವಾಟ್ಸಾಪ್ ಗುಂಪಿನ ಅಡ್ಮಿನ್‌ಗಳ ವಿಷಯದಲ್ಲಿ ಬಾಂಬೆ ಹೈಕೋರ್ಟ್ 2021ರಲ್ಲೂ ಕೇರಳ ಹೈಕೋರ್ಟ್ 2022ರಲ್ಲೂ ಆ ವಾದವನ್ನು ಒಪ್ಪಿಲ್ಲ ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳಿ.

ಎಕ್ಸೆಲ್ ಪಟ್ಟಿಯ ಬಗ್ಗೆ ನೀವು ಕೇಳದೇ ಇದ್ದಿದ್ದರೆ ನಾನೇ ಕೇಳುತ್ತಿದ್ದೆ. ತೀರಾ ಸ್ವಂತದ, ಮನೆಮಟ್ಟಿನ ಬಳಕೆಗೆ 2023ರ ಕಾಯ್ದೆಯಲ್ಲಿ ವಿನಾಯಿತಿ ಇದೆ, ನಿಜ. ಆದರೆ ಊರಿನ ಅರ್ಧದಷ್ಟು ಜನರಿರುವ ಗುಂಪಿನ ಪಟ್ಟಿ ಮನೆಯ ವಿಷಯ ಎಂದು ವಾದಿಸಲು ನನಗಂತೂ ಧೈರ್ಯ ಸಾಲದು. ಠಾಣೆಯಿಂದ ಲಿಖಿತ ಆದೇಶವೇನೂ ಬಂದಿಲ್ಲವೆಂಬುದನ್ನು ವಕೀಲರೊಂದಿಗೆ ಖಚಿತಪಡಿಸಿಕೊಂಡು, ಫೋನ್ ನಂಬರ್ ಇರುವ ಕಾಲಂ ಅನ್ನು ತೆಗೆದುಹಾಕಿ. ಹೊರಹಾಕಿದವರ ಖಾತೆಯ ಹೆಸರು ಫೇಸ್‌ಬುಕ್‌ನ ಪಟ್ಟಿಯಲ್ಲೇ ಉಳಿಯುವುದರಿಂದ ನಿಮ್ಮದೇ ನಕಲು ಬೇಕಿಲ್ಲ. ಆ ಪಟ್ಟಿಯ ಲಿಂಕ್ ಹಿಂದೆ ಯಾರಾರ ಬಳಿ ಇತ್ತು ಎಂದು ನೋಡಿ, ಮಾಡರೇಟರ್ ಸ್ಥಾನ ಬಿಟ್ಟುಹೋದವರ ಪ್ರವೇಶವನ್ನು ಇಂದೇ ರದ್ದುಮಾಡಿ. ಉಳಿದ ಮಾಡರೇಟರ್‌ಗಳೆಲ್ಲರೂ ತಮ್ಮ ಖಾತೆಗೆ ಎರಡು ಹಂತದ ಲಾಗಿನ್ ಹಾಕಿಕೊಳ್ಳಲಿ. ಎಸ್ಸೆಮ್ಮೆಸ್ ಒಟಿಪಿಗಿಂತ ಫೋನಿನಲ್ಲೇ ಕೋಡ್ ತೋರಿಸುವ ಆಥೆಂಟಿಕೇಟರ್ ಆ್ಯಪ್ ಮೇಲು.